ಮೊದಲ ಬಾಣಂತನದಲ್ಲಿ ಬೆಕ್ಕಿಗೆ ಗಾಬರಿಯೇ? ಮರಿಗಳನ್ನು ಉಳಿಸಿಕೊಳ್ಳಲು ಮನೆಯವರು ಏನು ಮಾಡಬೇಕು, ಏನು ಮಾಡಬಾರದು?

ಮನೆಯ ಬೆಕ್ಕು ಮೊದಲ ಬಾರಿ ಮರಿ ಹಾಕಿದೆ. ಆದರೆ ಮರಿಗಳ ಬಳಿ ಮಲಗುತ್ತಿಲ್ಲ. ಬಂದು ಮೂಸಿ ನೋಡುತ್ತದೆ, ಎದ್ದು ಹೋಗುತ್ತದೆ, ಮನೆಯವರ ಕಾಲಿಗೆ ಸುತ್ತಿಕೊಂಡು ಕೂಗುತ್ತದೆ. ಇಲ್ಲವೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಂಚದಡಿ, ಕಪಾಟಿನೊಳಗೆ ಜಾಗ ಹುಡುಕುತ್ತದೆ. ಇದನ್ನು ಕಂಡ ಮನೆಯವರು ಗಾಬರಿಯಿಂದ ಮರಿಗಳನ್ನು ಎತ್ತಿಕೊಂಡು ಹಸುವಿನ ಹಾಲು ಕುಡಿಸಲು ಹೊರಡುತ್ತಾರೆ. ಕೆಲಸ ಕೆಡುವುದು ಅಲ್ಲೇ. ಮೊದಲು ಸಮಾಧಾನ ಮಾಡಬೇಕಾದದ್ದು ತಾಯಿಯನ್ನು. ಅದು ನೆಮ್ಮದಿಯಾಗಿ ಮಲಗಿದರೆ ಉಳಿದದ್ದನ್ನು ಸಾಮಾನ್ಯವಾಗಿ ತಾನೇ ನೋಡಿಕೊಳ್ಳುತ್ತದೆ.

ಮೊದಲ ದಿನ ಏಕೆ ಮುಖ್ಯ?

ಹುಟ್ಟಿದ ಮರಿಯ ತೂಕ ಸುಮಾರು 100 ಗ್ರಾಂ. ಕಣ್ಣು, ಕಿವಿ ಎರಡೂ ಮುಚ್ಚಿರುತ್ತವೆ. ಮೊದಲ ವಾರ ಚಳಿಯಾದರೆ ನಡುಗಲೂ ಅದಕ್ಕೆ ಬರುವುದಿಲ್ಲ, ತಾಯಿಯ ಮೈಬಿಸಿಯೇ ಆಸರೆ. ತಾಯಿ ನೆಕ್ಕಿದರಷ್ಟೇ ಮಲಮೂತ್ರ ವಿಸರ್ಜನೆಯಾಗುತ್ತದೆ. ರೋಗ ತಡೆಯುವ ಶಕ್ತಿ ಬರುವುದು ಮುಖ್ಯವಾಗಿ ಗಿಣ್ಣು ಹಾಲಿನಿಂದ. ಅದರಲ್ಲಿನ ರೋಗನಿರೋಧಕ ಅಂಶಗಳನ್ನು ಹೀರಿಕೊಳ್ಳುವ ಸಾಮರ್ಥ್ಯ ಮರಿಯ ಕರುಳಿಗೆ ಮೊದಲ ಒಂದು ದಿನದೊಳಗೆ ಮಾತ್ರ ಇರುತ್ತದೆ. ಹಾಗಾಗಿ 'ನಾಳೆ ನೋಡೋಣ' ಎಂದು ಬಿಡುವಂತಿಲ್ಲ.

ಬಾಣಂತಿಗೆ ಬೇಕು ಒಂದು ಮೂಲೆ

ಮುಂಬೈನ ಒಂದು ಕೋಣೆಯ ಮನೆಯಾದರೂ ಸರಿ, ಜನ ಓಡಾಡದ, ಮಬ್ಬು ಬೆಳಕಿನ ಒಂದು ಮೂಲೆ ಸಾಕು. ತಾಯಿ ಕಾಲು ಚಾಚಿ ಮಲಗುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು, ಒಂದು ಬದಿ ಬಾಗಿಲಿನಂತೆ ಕತ್ತರಿಸಿ. ಹಳೆಯ ಹತ್ತಿ ಬಟ್ಟೆಯನ್ನು ಮಡಿಕೆ ಬೀಳದಂತೆ ಹಾಸಿ, ಮಡಿಕೆಯಲ್ಲಿ ಮರಿ ಸಿಕ್ಕಿಕೊಳ್ಳಬಹುದು. ನೀರು, ಊಟ, ಮರಳಿನ ಟ್ರೇ ಹತ್ತಿರದಲ್ಲೇ ಇರಲಿ. ಮರಿಗಳನ್ನು ಬಿಟ್ಟು ದೂರ ಹೋಗಬೇಕಾದರೆ ಅದರ ಆತಂಕ ಹೆಚ್ಚುತ್ತದೆ.

ನಾಯಿ, ಬೇರೆ ಬೆಕ್ಕು, ಚಿಕ್ಕ ಮಕ್ಕಳು, ನೋಡಲು ಬರುವ ನೆಂಟರು ಕೆಲವು ದಿನ ಆ ಕಡೆ ಸುಳಿಯದಿರಲಿ. ಮನೆಯಲ್ಲಿ ಬೆಕ್ಕು ಯಾರನ್ನು ಹೆಚ್ಚು ಹಚ್ಚಿಕೊಂಡಿದೆಯೋ ಅವರೊಬ್ಬರೇ ನೋಡಿಕೊಳ್ಳುವುದು ಒಳ್ಳೆಯದು. ಆ ಜಾಗ ಒರೆಸಲು ಫಿನಾಯಿಲ್ ಬಳಸಬೇಡಿ. ಅದರಲ್ಲಿರುವ ಫೀನಾಲ್ ಬೆಕ್ಕುಗಳಿಗೆ ವಿಷ. ಕಪಾಟಿನ ನುಸಿಗುಳಿಗೆಯೂ ಅಷ್ಟೇ ಅಪಾಯಕಾರಿ.

ಮೊದಲ ವಾರ ಗೂಡಿನೊಳಗೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ದೆಹಲಿಯ ಚಳಿಗಾಲದಲ್ಲಿ ಅಥವಾ ಎಸಿ ಕೋಣೆಯಲ್ಲಿ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಸೆಖೆಯಾದರೆ ಮರಿಗಳು ಇನ್ನೊಂದು ಬದಿಗೆ ಸರಿಯುವಂತಿರಬೇಕು. ಚೆನ್ನೈನ ಮೇ ತಿಂಗಳಲ್ಲಿ ಇದರ ಅಗತ್ಯವೇ ಬಾರದಿರಬಹುದು. ಮರಿಗಳು ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದರೆ ಚಳಿ, ದೂರದೂರ ಚದುರಿ ಕೂಗುತ್ತಿದ್ದರೆ ಸೆಖೆ ಎಂದು ತಿಳಿಯಬಹುದು.

ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆಯೇ?

ಮನುಷ್ಯರ ವಾಸನೆ ತಗುಲಿದರೆ ತಾಯಿ ಮರಿಯನ್ನು ಸೇರಿಸುವುದಿಲ್ಲ ಎಂಬ ಭಯ ಹಲವರಿಗಿದೆ. ಸಾಕಿದವರ ವಾಸನೆ ಬೆಕ್ಕಿಗೆ ಹೊಸದಲ್ಲ. ಕೈ ತೊಳೆದು ಸ್ವಲ್ಪ ಹೊತ್ತು ಮುಟ್ಟಿದರೆ ತೊಂದರೆಯಿಲ್ಲ. ತೊಂದರೆಯಾಗುವುದು ಪದೇಪದೇ ಎತ್ತುವುದರಿಂದ, ಫೋಟೊಗಾಗಿ ಬೆಳಕು ಬಿಡುವುದರಿಂದ. ವಿಪರೀತ ಬೆದರಿದ ತಾಯಿ ಮರಿಗಳನ್ನು ಬಿಟ್ಟು ಹೋಗಬಹುದು, ಅಪರೂಪಕ್ಕೆ ಕೊಲ್ಲಲೂಬಹುದು.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತಿದೆ. ಜಾಗ ಸುರಕ್ಷಿತವಲ್ಲ ಎನ್ನಿಸಿದಾಗ ಅದು ಮರಿಗಳನ್ನು ಸಾಗಿಸುವುದು ಸಹಜ. ಬೈದು ಮರಿ ಕಿತ್ತುಕೊಳ್ಳಬೇಡಿ. ಅದು ಆರಿಸಿದ ಜಾಗದಲ್ಲಿ ಅಪಾಯವಿಲ್ಲದಿದ್ದರೆ ಪೆಟ್ಟಿಗೆಯನ್ನೇ ಅಲ್ಲಿಗೆ ಒಯ್ಯಿರಿ.

ಹಾಲೂಡಿಸದಿದ್ದರೆ ಹೀಗೆ ಮಾಡಿ

ತಾಯಿ ಮತ್ತು ಮರಿಗಳನ್ನು ಒಟ್ಟಿಗೆ ಸಣ್ಣ ಕೋಣೆಯಲ್ಲಿ ಬಿಟ್ಟು ಬಾಗಿಲು ಮುಂದೆ ಮಾಡಿ. ಪಕ್ಕದಲ್ಲಿ ಕೂತು ತಾಯಿಯ ತಲೆ ಸವರಿ. ಅದು ಮಲಗಿದಾಗ ಮರಿಗಳನ್ನು ಒಂದೊಂದಾಗಿ ಮೊಲೆತೊಟ್ಟಿನ ಬಳಿ ಇಡಿ. ಮರಿಗಳು ಚೀಪತೊಡಗಿದರೆ ಹಾಲು ಇಳಿಯುತ್ತದೆ, ತಾಯಿಯೂ ಶಾಂತವಾಗುತ್ತದೆ. ಆಗ ಅದಕ್ಕೆ ಇಷ್ಟದ ತಿನಿಸು ಕೊಡಿ. ಬಲವಂತದಿಂದ ಒತ್ತಿ ಹಿಡಿಯಬೇಡಿ. ಕೆಲವು ಗಂಟೆಗಳಾದರೂ ಹಾಲೂಡಿಸದಿದ್ದರೆ ಪಶುವೈದ್ಯರಿಗೆ ಕರೆ ಮಾಡಿ.

ಹಸುವಿನ ಹಾಲು ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ಇರುವ ಹಾಲಿನ ಪುಡಿ ಪ್ರಾಣಿ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲ ವಾರ ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ ಕೊಡಬೇಕು. ಮಗುವಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು, ಹೊಟ್ಟೆ ಕೆಳಗಾಗಿಯೇ ಕುಡಿಸಿ. ಮೈ ತಣ್ಣಗಿರುವ ಮರಿಗೆ ಹಾಲು ಹಾಕಲೇಬೇಡಿ, ಮೊದಲು ನಿಧಾನವಾಗಿ ಬೆಚ್ಚಗೆ ಮಾಡಿ. ತಾಯಿ ನೆಕ್ಕದಿದ್ದರೆ, ಹಾಲು ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಮರಿಯ ಹಿಂಭಾಗ ಮೃದುವಾಗಿ ಒರೆಸಿ ಮಲಮೂತ್ರ ಮಾಡಿಸಬೇಕು.

ತೂಕದ ಲೆಕ್ಕ ತಪ್ಪಿಸಬೇಡಿ

ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ ಸಾಕು. ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಆರೋಗ್ಯವಂತ ಮರಿ ದಿನಕ್ಕೆ ಸುಮಾರು 10ರಿಂದ 15 ಗ್ರಾಂ ಏರುತ್ತದೆ. ಎರಡು ವಾರ ತುಂಬುವುದರೊಳಗೆ ಹುಟ್ಟಿದಾಗಿನ ತೂಕದ ಎರಡರಷ್ಟಾಗಬೇಕು. ಮೊದಲ ದಿನದ ನಂತರ ತೂಕ ನಿಂತರೆ ಅಥವಾ ಇಳಿದರೆ ಅದು ಎಚ್ಚರಿಕೆಯ ಗಂಟೆ.

ತಾಯಿಯ ಊಟವನ್ನೂ ಮರೆಯಬೇಡಿ. ಹಾಲೂಡಿಸುವಾಗ ಅದಕ್ಕೆ ಮಾಮೂಲಿಗಿಂತ ಎರಡರಿಂದ ಮೂರು ಪಟ್ಟು ಆಹಾರ ಬೇಕಾಗುತ್ತದೆ. ಬೆಕ್ಕಿನ ಮರಿಗಳಿಗೆಂದು ಮಾರುವ ಆಹಾರವನ್ನೇ ತಾಯಿಗೂ ಕೊಡಬಹುದು.

ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ

- ಜೋರಾಗಿ ತಿಣುಕಿದರೂ ಅರ್ಧ ಗಂಟೆಯೊಳಗೆ ಮರಿ ಬಾರದಿದ್ದರೆ
- ತಾಯಿಗೆ ನಡುಕ, ಸೆಟೆದ ನಡಿಗೆ, ಸೆಳೆತ ಕಂಡರೆ (ಕ್ಯಾಲ್ಸಿಯಂ ಕುಸಿತ ಪ್ರಾಣಕ್ಕೇ ಅಪಾಯ)
- ಕೆಟ್ಟ ವಾಸನೆಯ ಸ್ರಾವ, ಜ್ವರ, ಊಟ ಬಿಟ್ಟು ಮಂಕಾಗಿರುವುದು
- ಮೊಲೆ ಕೆಂಪಗೆ, ಗಟ್ಟಿಯಾಗಿ, ಬಿಸಿಯಾಗಿದ್ದರೆ
- ಮರಿ ತಣ್ಣಗಾಗಿ ಚೀಪದೆ ಇದ್ದರೆ

ತಾಯಿಗೆ ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬಾರದು. ಬೆಕ್ಕಿಗೆ ಒಂದೇ ಮಾತ್ರೆಯೂ ಪ್ರಾಣಾಂತಕವಾಗಬಲ್ಲದು.

ಮುಂದೇನು?

ನಾಲ್ಕನೇ ವಾರದಿಂದ ಮರಿಗಳಿಗೆ ಮೆತ್ತನೆಯ ಆಹಾರ ಆರಂಭಿಸಬಹುದು. ಕನಿಷ್ಠ ಎಂಟು ವಾರ ತುಂಬುವವರೆಗೆ ತಾಯಿಯಿಂದ ಬೇರೆ ಮಾಡಬೇಡಿ. ಹಾಲೂಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬವಾಗಬಲ್ಲದು. ಆದ್ದರಿಂದ ಅದನ್ನು ಹೊರಗೆ ಬಿಡದೆ, ಮರಿಗಳು ಹಾಲು ಬಿಟ್ಟ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸಬಹುದು ಎಂದು ವೈದ್ಯರನ್ನು ಕೇಳಿ ದಿನ ಗೊತ್ತು ಮಾಡಿಕೊಳ್ಳಿ.