ಮೌಸ್ ಮುಟ್ಟದೆ ವಿಡಿಯೊ ನಿಲ್ಲಿಸಲು ಸಾಧ್ಯವೇ?

ವೆಬ್ ಪುಟವೊಂದು ತೆರೆದ ಕೂಡಲೇ ಅದರೊಳಗಿನ ವಿಡಿಯೊ ತಾನಾಗಿಯೇ ಶುರುವಾಯಿತು ಎನ್ನಿ. ಕಣ್ಣು ಕಾಣುವವರು ಮೌಸ್‌ನಿಂದ ಕ್ಲಿಕ್ಕಿಸಿ ನಿಲ್ಲಿಸುತ್ತಾರೆ. ಅಂಧರಿಗೆ ಅದು ಅಷ್ಟು ಸುಲಭವಲ್ಲ. ಅವರು ಪುಟದಲ್ಲಿರುವುದನ್ನು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ ಓದಿಸಿ ಕೇಳುತ್ತಾರೆ. ವಿಡಿಯೊದ ಸದ್ದು ಅದರ ಮೇಲೆ ಬಿದ್ದರೆ, ನಿಲ್ಲಿಸುವ ಬಟನ್ ಎಲ್ಲಿದೆ ಎಂದು ಹೇಳಬೇಕಾದ ದನಿಯೇ ಕೇಳಿಸದು. ಕೈ ನಡುಗುವವರಿಗೂ ಸಣ್ಣ ಬಟನ್ ಮೇಲೆ ಮೌಸ್ ನಿಲ್ಲಿಸುವುದು ಕಷ್ಟ. ಇವರಲ್ಲಿ ಬಹಳಷ್ಟು ಮಂದಿಗೆ ಕೀಲಿಮಣೆಯೇ ಆಧಾರ.

ಕೀಲಿಮಣೆಯಿಂದ ಪುಟದಲ್ಲಿ ಓಡಾಡುವ ಕ್ರಮ ಸರಳವಾಗಿದೆ. ಟ್ಯಾಬ್ ಒತ್ತಿದಂತೆಲ್ಲ ‘ಫೋಕಸ್’, ಅಂದರೆ ಕೀಲಿ ಒತ್ತಿದರೆ ಸ್ಪಂದಿಸುವ ಜಾಗ, ಒಂದು ಲಿಂಕ್‌ನಿಂದ ಮುಂದಿನ ಲಿಂಕ್‌ಗೋ ಬಟನ್‌ಗೋ ಸರಿಯುತ್ತದೆ. ಶಿಫ್ಟ್ ಜೊತೆ ಟ್ಯಾಬ್ ಒತ್ತಿದರೆ ಹಿಂದಕ್ಕೆ ಬರುತ್ತದೆ. ಫೋಕಸ್ ಬಟನ್ ಮೇಲಿದ್ದಾಗ ಎಂಟರ್ ಅಥವಾ ಸ್ಪೇಸ್ ಒತ್ತಿದರೆ ಅದು ಕೆಲಸ ಮಾಡುತ್ತದೆ.

ವೆಬ್ ವಿಡಿಯೊಗಳು ಫ್ಲ್ಯಾಶ್‌ನಲ್ಲಿ ಓಡುತ್ತಿದ್ದ ಕಾಲದಲ್ಲಿ ಈ ಕ್ರಮ ಕೆಟ್ಟಿತ್ತು. ಫ್ಲ್ಯಾಶ್ ಪ್ಲೇಯರ್ ಬ್ರೌಸರ್‌ನ ಭಾಗವಲ್ಲ, ಅದರೊಳಗೆ ಕೂರಿಸಿದ ಬೇರೆಯೇ ತಂತ್ರಾಂಶ. ಕೆಲವು ಬ್ರೌಸರ್‌ಗಳಲ್ಲಿ ಟ್ಯಾಬ್ ಒತ್ತುತ್ತಾ ಹೋದರೆ ಫೋಕಸ್ ಅದರೊಳಗೆ ಹೋಗುತ್ತಲೇ ಇರಲಿಲ್ಲ. ಒಳಗೆ ಹೋದರೆ ಕೀಲಿಗಳೆಲ್ಲ ಅದರ ಪಾಲಾಗಿ, ಹೊರಗೆ ಬರಲು ಎಷ್ಟೋ ಬಾರಿ ದಾರಿಯಿರುತ್ತಿರಲಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಜಪಾನಿನ ವಿಜ್ಞಾನಿ ಚಿಯೆಕೊ ಅಸಕಾವಾ ಮತ್ತು ಐಬಿಎಂನ ಅವರ ತಂಡ ಇದಕ್ಕೆಂದೇ ಒಂದು ಬ್ರೌಸರ್ ರೂಪಿಸಿತು. ಬಟನ್ ಹುಡುಕುವ ಗೋಜಿಲ್ಲದೆ, ನಿಗದಿತ ಕೀಲಿಗಳಿಂದಲೇ ವಿಡಿಯೊ ನಿಲ್ಲಿಸುವ, ಸದ್ದು ತಗ್ಗಿಸುವ ಅನುಕೂಲ ಅದರಲ್ಲಿತ್ತು.

2008ರ ಡಿಸೆಂಬರ್‌ನಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಹೊರತಂದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ ಈ ತೊಡಕುಗಳಿಗೆ ನಿಯಮ ರೂಪಿಸಿತು. ಕೀಲಿಮಣೆಯಿಂದ ಒಳಹೊಕ್ಕ ಜಾಗದಿಂದ ಕೀಲಿಮಣೆಯಿಂದಲೇ ಹೊರಬರುವಂತಿರಬೇಕು. ತಾನಾಗಿಯೇ ಶುರುವಾಗುವ ಸದ್ದು 3 ಸೆಕೆಂಡ್ ಮೀರಿದರೆ ಅದನ್ನು ನಿಲ್ಲಿಸುವ ಇಲ್ಲವೇ ತಗ್ಗಿಸುವ ವ್ಯವಸ್ಥೆ ಇರಬೇಕು.

2020ರ ಕೊನೆಗೆ ಅಡೋಬಿ ಕಂಪನಿ ತನ್ನ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಅಷ್ಟರಲ್ಲಾಗಲೇ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್5ರ ‘ವಿಡಿಯೊ’ ಟ್ಯಾಗ್ ಆ ಜಾಗಕ್ಕೆ ಬಂದಿತ್ತು. ಅದಕ್ಕೆ ‘ಕಂಟ್ರೋಲ್ಸ್’ ಎಂಬ ಒಂದು ಪದ ಸೇರಿಸಿದರೆ ಸಾಕು, ಕೀಲಿಮಣೆಗೆ ಸ್ಪಂದಿಸುವ ಬಟನ್‌ಗಳನ್ನು ಬ್ರೌಸರೇ ಒದಗಿಸುತ್ತದೆ. ಆದರೂ ತೊಂದರೆ ತಪ್ಪಿಲ್ಲ. ಅಂದಕ್ಕೆಂದು ಎಷ್ಟೋ ಜಾಲತಾಣಗಳು ತಮ್ಮದೇ ಪ್ಲೇಯರ್ ಕಟ್ಟಿಕೊಳ್ಳುತ್ತವೆ. ಪ್ಲೇ ಗುರುತನ್ನು ‘ಡಿವ್’ ಎಂಬ ಬರಿಯ ಚೌಕಟ್ಟಿನಲ್ಲಿ ಚಿತ್ರಿಸಿ, ಕ್ಲಿಕ್‌ಗೆ ಮಾತ್ರ ಸ್ಪಂದಿಸುವಂತೆ ಮಾಡುತ್ತವೆ. ನೋಡಲು ಅದು ಬಟನ್ನೇ. ಆದರೆ ಟ್ಯಾಬ್ ಅಲ್ಲಿ ನಿಲ್ಲದು, ಸ್ಕ್ರೀನ್ ರೀಡರ್ ಅದನ್ನು ಬಟನ್ ಎಂದು ಹೇಳದು. ಅದೇ ಚಿತ್ರವನ್ನು ‘ಬಟನ್’ ಟ್ಯಾಗ್‌ನೊಳಗೆ ಇಟ್ಟು ‘ಪ್ಲೇ’ ಎಂದು ಹೆಸರು ಕೊಟ್ಟರೆ ಎರಡೂ ಸಮಸ್ಯೆ ಬಗೆಹರಿಯುತ್ತವೆ. ಫೋಕಸ್ ಎಲ್ಲಿದೆ ಎಂದು ತೋರಿಸುವ ಗೆರೆಯನ್ನು ಅಂದಗೆಡುತ್ತದೆಂದು ಅಳಿಸುವುದೂ ತಪ್ಪು. ಕಣ್ಣು ಕಾಣುವ, ಆದರೆ ಮೌಸ್ ಹಿಡಿಯಲಾಗದವರಿಗೆ ತಾವೆಲ್ಲಿದ್ದೇವೆ ಎಂದು ತಿಳಿಸುವುದು ಆ ಗೆರೆಯೇ.

ಪಾಠ, ಸರ್ಕಾರಿ ಮಾಹಿತಿ, ಬ್ಯಾಂಕ್ ವ್ಯವಹಾರಗಳ ವಿವರಣೆ ಎಲ್ಲವೂ ಇಂದು ವಿಡಿಯೊದಲ್ಲಿವೆ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿ ನೀಡುವ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಹಾಗಾಗಿ ಇದನ್ನು ಜಾಲತಾಣ ಕಟ್ಟುವವರ ಔದಾರ್ಯಕ್ಕೆ ಬಿಡುವಂತಿಲ್ಲ.

ಪುಟವೊಂದು ಕೀಲಿಮಣೆಗೆ ಸ್ಪಂದಿಸುತ್ತದೆಯೇ ಎಂದು ಪರೀಕ್ಷಿಸಲು ದುಬಾರಿ ಸಲಕರಣೆ ಬೇಕಿಲ್ಲ. ಮೌಸ್ ಬದಿಗಿಟ್ಟು, ಟ್ಯಾಬ್ ಒತ್ತುತ್ತಾ ವಿಡಿಯೊ ತಲುಪಿ. ಶುರುಮಾಡಿ, ಸದ್ದು ತಗ್ಗಿಸಿ, ನಿಲ್ಲಿಸಿ, ಮುಂದಿನ ಲಿಂಕ್‌ಗೆ ಹೋಗಿ. ಇದರಲ್ಲಿ ಒಂದು ಆಗದಿದ್ದರೂ ಆ ಪುಟ ಇನ್ನೂ ಪ್ರಕಟಣೆಗೆ ಸಿದ್ಧವಾಗಿಲ್ಲ.