ಮಸಾರಿ ನೆಲದಿಂದ ಮದರಾಸಿನ ಸಭೆಗೆ

ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳು 1953ರವರೆಗೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಂದಿನಿಂದ ಇದು ದತ್ತಮಂಡಲವಾಯಿತು. ತುಂಗಭದ್ರೆ ದಾಟಿದರೆ ಮುಂಡರಗಿಯ ಕಡೆ ಮುಂಬಯಿ ಪ್ರಾಂತ, ಕೊಪ್ಪಳದ ಕಡೆ ನಿಜಾಮರ ರಾಜ್ಯ. ಹರಪನಹಳ್ಳಿಯ ತೆಂಕಣಕ್ಕೆ ಮೈಸೂರು ಸಂಸ್ಥಾನ. ಆಡುವ ಮಾತು ಎಲ್ಲೆಡೆ ಕನ್ನಡವೇ ಆದರೂ ಕಾನೂನು ಮಾಡುವ ಸಭೆ ಒಂದೊಂದು ಕಡೆಗೂ ಬೇರೆ. ಹಡಗಲಿಯವರ ಪಾಲಿಗೆ ಅದು ದೂರದ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿತ್ತು.

ಮದರಾಸಿನ ಶಾಸನ ಪರಿಷತ್ತು ಹುಟ್ಟಿದ್ದು 1861ರ ಕಾಯ್ದೆಯಿಂದ. ಆಗ ಚುನಾವಣೆಯ ಮಾತೇ ಇರಲಿಲ್ಲ. ಗವರ್ನರ್ ಆರಿಸಿಕೊಂಡವರಷ್ಟೇ ಸದಸ್ಯರು. ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿದ 1876–78ರ ಭೀಕರ ಬರದ ಹೊತ್ತಿಗೂ ಈ ಜನ ಆರಿಸಿ ಕಳಿಸಿದ ಒಬ್ಬ ಪ್ರತಿನಿಧಿಯೂ ಅಲ್ಲಿರಲಿಲ್ಲ. 1892ರಲ್ಲಿ ಪುರಸಭೆ, ಜಿಲ್ಲಾ ಬೋರ್ಡುಗಳಂಥ ಸಂಸ್ಥೆಗಳಿಗೆ ಹೆಸರು ಸೂಚಿಸುವ ಅವಕಾಶ ಸಿಕ್ಕಿತು. 1909ರ ಮಿಂಟೋ–ಮಾರ್ಲೆ ಸುಧಾರಣೆಯಿಂದ ಚುನಾಯಿತ ಸದಸ್ಯರು ಬಂದರು, ಆದರೆ ಸಾಮಾನ್ಯ ರೈತನ ಕೈಗೆ ಮತ ಬರಲಿಲ್ಲ.

ಮತದಾರ ಎಂಬ ಮನುಷ್ಯ ಹಳ್ಳಿಯಲ್ಲಿ ನಿಜವಾಗಿ ಕಾಣಿಸಿಕೊಂಡದ್ದು 1919ರ ಕಾಯ್ದೆಯ ನಂತರ, 1920ರ ನವೆಂಬರ್‌ನ ಚುನಾವಣೆಯಲ್ಲಿ. ಪರಿಷತ್ತಿನ 98 ಸ್ಥಾನಗಳಿಗೆ 61 ಕ್ಷೇತ್ರಗಳಿಂದ ನೇರ ಆಯ್ಕೆ ನಡೆಯಿತು. ನಾಲ್ಕು ಕೋಟಿ ಮೀರಿದ ಪ್ರಾಂತದಲ್ಲಿ ಮತವಿದ್ದವರು ಸುಮಾರು ಹನ್ನೆರಡೂವರೆ ಲಕ್ಷ. ಗ್ರಾಮಾಂತರದಲ್ಲಿ ಮತದ ಹಕ್ಕಿಗೆ ಜಮೀನೇ ಮುಖ್ಯ ಆಧಾರ: ಪಟ್ಟಾದಾರನ ಭೂಮಿಯ ವಾರ್ಷಿಕ ತೀರುವೆ ಹತ್ತು ರೂಪಾಯಿಗೆ ಕಡಿಮೆ ಇರಬಾರದು. ಕಾಲುವೆ ನೀರು ಹರಿಯುವ ತಂಜಾವೂರು, ಗೋದಾವರಿ ಸೀಮೆಯಲ್ಲಿ ಒಂದೆರಡು ಎಕರೆ ಗದ್ದೆಯಿದ್ದವನೂ ಈ ಗೆರೆಯ ಹತ್ತಿರ ಬರುತ್ತಿದ್ದ. ಮಳೆಯನ್ನೇ ನಂಬಿದ ಮಸಾರಿ ಹೊಲಕ್ಕಾದರೋ ಎಕರೆಗೆ ಆಣೆಗಳ ಲೆಕ್ಕದ ಕಂದಾಯ. ಎಕರೆಗಟ್ಟಲೆ ಜೋಳ, ನವಣೆ ಬಿತ್ತಿದವನಿಗೂ ಮತ ದಕ್ಕುವುದು ಕಷ್ಟ. ಒಣಬೇಸಾಯದ ತಾಲ್ಲೂಕುಗಳಿಗೆ ಇದು ದೊಡ್ಡ ಅನ್ಯಾಯ. ಕೂಲಿಕಾರರು, ಹೊಲವಿಲ್ಲದ ದಲಿತರು ಇಡಿಯಾಗಿ ಹೊರಗುಳಿದರು.

ಇನ್ನೊಂದು ಕೊರತೆ ಆಡಳಿತದ ಹಂಚಿಕೆಯಲ್ಲಿತ್ತು. 1919ರ ಕಾಯ್ದೆ ತಂದ ದ್ವಿಸರ್ಕಾರ ಪದ್ಧತಿಯಲ್ಲಿ ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆ, ಕೃಷಿ ಮಂತ್ರಿಗಳಿಗೆ. ಪೊಲೀಸ್, ನೀರಾವರಿ, ಭೂಕಂದಾಯ ಗವರ್ನರ್ ಕಡೆಗೆ. ಕಂದಾಯ ಕಟ್ಟಿದ್ದಕ್ಕೆ ಮತ ಪಡೆದ ರೈತ ಆರಿಸಿ ಕಳಿಸಿದ ಮಂತ್ರಿಗೆ ಆ ಕಂದಾಯದ ಮೇಲೆಯೇ ಅಧಿಕಾರವಿರಲಿಲ್ಲ.

ಆದರೂ ಈ ಸಭೆಯನ್ನು ಬರಿಯ ತೋರಿಕೆ ಎನ್ನಲಾಗದು. ಕಾಂಗ್ರೆಸ್ ಬಹಿಷ್ಕರಿಸಿದ ಮೊದಲ ಚುನಾವಣೆಯಲ್ಲಿ ಜಸ್ಟಿಸ್ ಪಕ್ಷ ಅಧಿಕಾರಕ್ಕೆ ಬಂತು. ಪುರುಷರಷ್ಟೇ ಆಸ್ತಿಯುಳ್ಳ ಹೆಂಗಸರಿಗೂ ಮತ ಕೊಡಲು 1921ರಲ್ಲಿ ಒಪ್ಪಿದ್ದು ಇದೇ ಪರಿಷತ್ತು. ಬ್ರಿಟಿಷ್ ಭಾರತದ ಪ್ರಾಂತಗಳಲ್ಲಿ ಇದೇ ಮೊದಲು. ಬಳ್ಳಾರಿಯ ಎ. ರಂಗನಾಥ ಮೊದಲಿಯಾರ್ 1926ರ ಸುಬ್ಬರಾಯನ್ ಸಂಪುಟದಲ್ಲಿ ಮಂತ್ರಿಯಾದರು. ಸೈಮನ್ ಆಯೋಗದ ಪ್ರಶ್ನೆಯಲ್ಲಿ 1928ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಪರಿಷತ್ತಿನ ಉಪಾಧ್ಯಕ್ಷೆಯಾಗಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಪದ್ಧತಿಯ ವಿರುದ್ಧ ಹೂಡಿದ ಹೋರಾಟ 1947ರ ನಿಷೇಧ ಕಾಯ್ದೆಯಾಗಿ ಫಲಿಸಿತು. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಬದುಕನ್ನು ಕಣ್ಣಾರೆ ಕಂಡ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳಿಗೆ ಆ ಕಾಯ್ದೆಯ ತೂಕ ಬೇರೆಯವರು ಹೇಳಬೇಕಿಲ್ಲ. ಕಾಗದದ ಮೇಲೆ ನಿಂತ ಪದ್ಧತಿ ಊರುಗಳಲ್ಲಿ ನಿಲ್ಲಲಿಲ್ಲ ಎಂಬುದೂ ಅಷ್ಟೇ ನಿಜ. 1982ರಲ್ಲಿ ಕರ್ನಾಟಕ ಮತ್ತೆ ಕಾಯ್ದೆ ಮಾಡಬೇಕಾಯಿತು.

1935ರ ಕಾಯ್ದೆ ದ್ವಿಸರ್ಕಾರವನ್ನು ತೆಗೆದು, 215 ಸದಸ್ಯರ ವಿಧಾನಸಭೆಯನ್ನೂ ಮೇಲ್ಮನೆಯನ್ನೂ ಕೊಟ್ಟಿತು. ಮತದಾರರ ಸಂಖ್ಯೆ 60 ಲಕ್ಷ ದಾಟಿತು. 1937ರ ಚುನಾವಣೆಯಲ್ಲಿ ಓದುಬಾರದವರಿಗಾಗಿ ಬಣ್ಣಬಣ್ಣದ ಮತಪೆಟ್ಟಿಗೆಗಳಿದ್ದವು, ಕಾಂಗ್ರೆಸ್ಸಿನದು ಹಳದಿ. ಅದು 159 ಸ್ಥಾನ ಗೆದ್ದು, ಜುಲೈನಲ್ಲಿ ರಾಜಾಜಿ ಪ್ರಧಾನಿಯಾದರು (ಪ್ರಾಂತದ ಮುಖ್ಯಮಂತ್ರಿಯನ್ನು ಆಗ ಹೀಗೆಯೇ ಕರೆಯುತ್ತಿದ್ದರು). ಮರುವರ್ಷದ ರೈತರ ಸಾಲ ಪರಿಹಾರ ಕಾಯ್ದೆ 1932ರ ಅಕ್ಟೋಬರ್‌ಗೆ ಮುಂಚಿನ ಸಾಲಗಳ ಬಾಕಿ ಬಡ್ಡಿಯನ್ನು ಅಳಿಸಿಹಾಕಿತು. ಸಾಹುಕಾರನ ಲೆಕ್ಕದ ಪುಸ್ತಕದಲ್ಲಿ ಸಿಕ್ಕಿಬಿದ್ದ ಮಳೆಯಾಶ್ರಿತ ಸೀಮೆಗೆ ಹೇಳಿ ಮಾಡಿಸಿದಂಥ ಕಾಯ್ದೆ ಅದು. ಜನರನ್ನು ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ ಆ ಸರ್ಕಾರ 1939ರ ಅಕ್ಟೋಬರ್‌ನಲ್ಲಿ ಕೆಳಗಿಳಿಯಿತು. ಮುಂದೆ 1946ರವರೆಗೆ ಗವರ್ನರ್ ಆಳ್ವಿಕೆ.

ಕಂದಾಯದ ಅಳತೆಗೋಲು ಪೂರ್ತಿ ಬಿದ್ದುಹೋದದ್ದು ಸಂವಿಧಾನ ಬಂದ ಮೇಲೆ. 1952ರಲ್ಲಿ ವಯಸ್ಕರೆಲ್ಲ ಮತ ಹಾಕಿ 375 ಸದಸ್ಯರ ಮದರಾಸು ವಿಧಾನಸಭೆಯನ್ನು ಆರಿಸಿದರು. ತಮಿಳು, ತೆಲುಗು ಸದಸ್ಯರೇ ತುಂಬಿದ ಆ ಸಭೆಯಲ್ಲಿ ಬಳ್ಳಾರಿಯ ಕನ್ನಡಿಗರು ಬೆರಳೆಣಿಕೆಯವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೇರಿ ಉಳಿದ ಜಿಲ್ಲೆ ಮೈಸೂರಿಗೆ ಬಂತು. ಅದರೊಂದಿಗೆ ಐವರು ಶಾಸಕರ ಸ್ಥಾನಗಳೂ ಮದರಾಸಿನಿಂದ ಬೆಂಗಳೂರಿನ ವಿಧಾನಸಭೆಗೆ ವರ್ಗವಾದವು.