ರೈಫಲ್ ನಳಿಕೆ ಮತ್ತು ಗುಂಡು: ನಿಖರತೆಯ ಲೆಕ್ಕಾಚಾರ

ರಕ್ಷಣಾ ಉತ್ಪಾದನಾ ಕ್ಷೇತ್ರವು 2001ರಲ್ಲಿ ಖಾಸಗಿ ಉದ್ಯಮಕ್ಕೆ ತೆರೆದುಕೊಂಡ ನಂತರ ಸಣ್ಣ ಆಯುಧಗಳ ತಯಾರಿಕೆಯೂ ರಾಜ್ಯದ ಇಂಜಿನಿಯರಿಂಗ್ ಉದ್ಯಮದ ವ್ಯಾಪ್ತಿಗೆ ಬಂದಿದೆ. ಸ್ಪ್ರಿಂಗ್ ತಯಾರಿಕೆಗೆ ಹೆಸರಾದ ಬೆಂಗಳೂರಿನ ಸಮೂಹವೊಂದಕ್ಕೆ ಸೇರಿದ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆಯು .338 ಲಾಪುವಾ ಮ್ಯಾಗ್ನಮ್ ತೋಟಾ ಬಳಸುವ ‘ಸೇಬರ್’ ರೈಫಲನ್ನು ನಿರ್ಮಿಸಿದೆ. ಇಂತಹ ಉತ್ಪನ್ನದ ಮೌಲ್ಯ ನಿರ್ಧಾರವಾಗುವುದು ಗುರಿಹಲಗೆಯ ಮೇಲೆ. ಅಲ್ಲಿ ಪರೀಕ್ಷೆಗೊಳಗಾಗುವುದು ನಳಿಕೆಯೊಂದೇ ಅಲ್ಲ. ನಳಿಕೆ ಮತ್ತು ಗುಂಡುಗಳ ಜೋಡಿ. ಇವೆರಡೂ ಹೊಂದದಿದ್ದಲ್ಲಿ ಉತ್ತಮ ನಳಿಕೆಯೂ ತಿರಸ್ಕೃತವಾಗಬಹುದು.

ಹೊಸ ನಳಿಕೆಯ ಪಳಗಿಸುವಿಕೆ

ಉಕ್ಕಿನ ಸರಳನ್ನು ಉದ್ದಕ್ಕೆ ಕೊರೆದು, ರೀಮರ್‌ನಿಂದ ನಯಗೊಳಿಸಿ, ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳನ್ನು ಮೂಡಿಸಿದಾಗ ನಳಿಕೆ ರೂಪುಗೊಳ್ಳುತ್ತದೆ. ಶ್ರೇಷ್ಠ ದರ್ಜೆಯ ನಳಿಕೆಗಳಿಗೆ ಇದರ ಮೇಲೆ ಕೈಯಿಂದ ಲ್ಯಾಪಿಂಗ್ ಕೂಡ ನಡೆಯುತ್ತದೆ. ತದನಂತರ ತೋಟಾ ಕೂರುವ ಭಾಗವನ್ನು ಕೊರೆಯುವಾಗ ಅದರ ಮುಂದಿನ ‘ಗಂಟಲಿ’ನಲ್ಲಿ ಸೂಕ್ಷ್ಮವಾದ ಅಡ್ಡಗೆರೆಗಳು ಉಳಿಯುತ್ತವೆ. ತಾಮ್ರದ ಕವಚವುಳ್ಳ ಗುಂಡು ಇವುಗಳನ್ನು ದಾಟುವಾಗ ತಾಮ್ರವು ಸವೆದು, ಮುಂದೆ ನಳಿಕೆಯ ಒಳಮೈಗೆ ಅಂಟಿಕೊಳ್ಳುತ್ತದೆ.

ಈ ಗೆರೆಗಳನ್ನು ಗುಂಡುಗಳಿಂದಲೇ ನಯಗೊಳಿಸುವ ಕ್ರಮಕ್ಕೆ ಪಳಗಿಸುವಿಕೆ ಎನ್ನಬಹುದು. ಮೊದಲ ಕೆಲವು ಗುಂಡುಗಳಲ್ಲಿ ಪ್ರತಿಯೊಂದರ ನಂತರವೂ, ಅನಂತರ ಮೂರು ಗುಂಡುಗಳಿಗೊಮ್ಮೆ ನಳಿಕೆಯನ್ನು ತಾಮ್ರ ಕರಗಿಸುವ ದ್ರಾವಣದಿಂದ ಶುಚಿಗೊಳಿಸಲಾಗುತ್ತದೆ. ಒರೆಸಿದ ಬಟ್ಟೆಯ ಮೇಲೆ ಕಾಣುವ ನೀಲಿ-ಹಸಿರು ಬಣ್ಣ ತಗ್ಗಿದರೆ ಕಾರ್ಯ ಮುಗಿದಂತೆ. ಶುಚಿಗೊಳಿಸುವ ಸರಳನ್ನು ಹಿಂಬದಿಯಿಂದಲೇ ತೂರಿಸಬೇಕು. ನಳಿಕೆಯ ಬಾಯಿಯ ಅಂಚಿಗೆ ಪೆಟ್ಟಾದರೆ ನಿಖರತೆ ಕೆಡುತ್ತದೆ.

ಈ ವಿಧಾನದ ಬಗ್ಗೆ ತಯಾರಕರಲ್ಲಿ ಒಮ್ಮತವಿಲ್ಲ. ಲ್ಯಾಪಿಂಗ್ ಆದ ನಳಿಕೆಗೆ ಇದರಿಂದ ವಿಶೇಷ ಪ್ರಯೋಜನವಿಲ್ಲ, ಅದರ ಆಯುಷ್ಯವಷ್ಟೇ ಕಡಿಮೆಯಾಗುತ್ತದೆ ಎಂಬ ವಾದವೂ ಇದೆ. ಪಳಗಿಸುವಿಕೆಯಿಂದ ಶುಚಿಗೊಳಿಸುವ ಶ್ರಮ ತಗ್ಗಬಹುದು. ಆದರೆ ಕಳಪೆ ನಳಿಕೆ ಅದರಿಂದ ಉತ್ತಮವಾಗದು.

ಗುಂಡಿನ ಆಯ್ಕೆ

ಗುಂಡಿನ ಆಯ್ಕೆಯಲ್ಲಿ ಮೊದಲು ಗಮನಿಸಬೇಕಾದದ್ದು ಸುರುಳಿಯ ವೇಗ, ಅಂದರೆ ಗುಂಡು ಒಂದು ಸುತ್ತು ತಿರುಗಲು ನಳಿಕೆಯಲ್ಲಿ ಕ್ರಮಿಸುವ ದೂರ. ಬ್ರಿಟಿಷ್ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ರೂಪಿಸಿದ ಸರಳ ಸೂತ್ರ ಇಂದಿಗೂ ಉಪಯುಕ್ತ: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಬೇಕು. 7.82 ಮಿ.ಮೀ. ವ್ಯಾಸ, 31.5 ಮಿ.ಮೀ. ಉದ್ದದ ಗುಂಡಿಗೆ ಸುಮಾರು 291 ಮಿ.ಮೀ., ಅಂದರೆ ಹನ್ನೊಂದೂವರೆ ಅಂಗುಲಕ್ಕೊಂದು ಸುತ್ತು ಬೇಕಾಗುತ್ತದೆ. ಗುಂಡು ಉದ್ದವಾದಷ್ಟೂ ಸುರುಳಿ ಬಿಗಿಯಾಗಿರಬೇಕು. ನಿರ್ಣಾಯಕವಾದದ್ದು ತೂಕಕ್ಕಿಂತ ಉದ್ದ ಎಂಬುದನ್ನು ಖರೀದಿದಾರರು ನೆನಪಿಡಬೇಕು.

ಸೂತ್ರವು ಆಯ್ಕೆಯ ವ್ಯಾಪ್ತಿಯನ್ನು ಕಿರಿದುಗೊಳಿಸುತ್ತದೆಯೇ ಹೊರತು ಪರೀಕ್ಷೆಗೆ ಬದಲಿಯಾಗದು. ಒಂದೇ ಕಾರ್ಖಾನೆಯ ಒಂದೇ ದರ್ಜೆಯ ತೋಟಾಗಳಲ್ಲಿಯೂ ತಂಡದಿಂದ ತಂಡಕ್ಕೆ ವ್ಯತ್ಯಾಸವಿರುತ್ತದೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ. ಆದ್ದರಿಂದ ಸ್ಪರ್ಧಾಳುಗಳು ಜರ್ಮನಿಯ ಶೋನೆಬೆಕ್‌ನಲ್ಲಿರುವ ಲಾಪುವಾ ಸಂಸ್ಥೆಯ ಕೇಂದ್ರದಂತಹ ಕಡೆಗಳಿಗೆ ತಮ್ಮ ರೈಫಲ್ ಒಯ್ದು, ಅದನ್ನು ಬಿಗಿಯಾಗಿ ಬಂಧಿಸಿ, ಹಲವು ತಂಡಗಳ ತೋಟಾಗಳನ್ನು ಹಾರಿಸಿ ನೋಡುತ್ತಾರೆ. ತಮ್ಮ ನಳಿಕೆಗೆ ಒಪ್ಪಿದ ತಂಡವನ್ನೇ ಖರೀದಿಸುತ್ತಾರೆ.

ಪರೀಕ್ಷೆಯಲ್ಲಿ ಎಷ್ಟು ಗುಂಡು ಹಾರಿಸಲಾಯಿತು ಎಂಬುದೂ ಮುಖ್ಯ. ಅದೇ ರೈಫಲ್, ಅದೇ ತೋಟಾದಿಂದ ಹಾರಿಸಿದರೂ ಹತ್ತು ಗುಂಡುಗಳ ಹರವು ಮೂರು ಗುಂಡುಗಳ ಹರವಿಗಿಂತ ಸರಾಸರಿ ಒಂದೂವರೆ ಪಟ್ಟಿಗೂ ತುಸು ಹೆಚ್ಚಿರುತ್ತದೆ. ಮೂರೇ ಗುಂಡುಗಳ ಫಲಿತಾಂಶ ತೋರಿಸುವ ಜಾಹೀರಾತನ್ನು ನಂಬಿ ಬೆಲೆ ತೆತ್ತವರು ನಷ್ಟ ಅನುಭವಿಸುವ ಸಾಧ್ಯತೆಯೇ ಹೆಚ್ಚು.

ಉದ್ಯಮಕ್ಕೆ ಪಾಠ

ಶಸ್ತ್ರಾಸ್ತ್ರ ಕಾಯ್ದೆಯನ್ವಯ ಪರವಾನಗಿ ಪಡೆದು ನಳಿಕೆ, ಗುಂಡು ಅಥವಾ ತೋಟಾ ತಯಾರಿಸಬಯಸುವವರಿಗೆ ಇದರಿಂದ ದೊರೆಯುವ ಪಾಠ ಸ್ಪಷ್ಟ. ಅತ್ಯುತ್ತಮವಾದ ಒಂದು ಮಾದರಿಯನ್ನು ಸಿದ್ಧಪಡಿಸುವುದಕ್ಕಿಂತ, ಸಾವಿರದ ತೋಟಾವೂ ಮೊದಲನೆಯದರಂತೆಯೇ ಇರುವಂತೆ ನೋಡಿಕೊಳ್ಳುವುದು ಕಠಿಣ. ಪ್ರತಿ ಪೆಟ್ಟಿಗೆಯ ಮೇಲೆ ತಂಡದ ಸಂಖ್ಯೆ, ಅದಕ್ಕೆ ಹೊಂದುವ ಪರೀಕ್ಷಾ ದಾಖಲೆ, ಹಾರಿಸಿದ ಗುಂಡುಗಳ ಎಣಿಕೆ ಇವೆಲ್ಲವನ್ನೂ ಒದಗಿಸುವ ತಯಾರಕನಿಗೆ ಗ್ರಾಹಕನು ಎರಡನೆಯ ಬಾರಿಯೂ ಬೇಡಿಕೆ ಸಲ್ಲಿಸುತ್ತಾನೆ.